ಹನ್ನೆರಡು ಎಮ್ಮಿ, ನಲವತ್ತೆಂಟು ಕಾಲು

೨೦ ನವೆಂಬರ್ ೨೦೦೧, ಮಂಗಳವಾರ

ಮುಂಜಾನೆ ಹೊತ್ತಿಗೆ ಕೆಟ್ಟ ಕನಸು ಬಿತ್ತು. ಸಿಟಿ ಬಸ್ಸಿನ್ಯಾಗ ಕುಂತೀನಿ. ಬಸ್ಸು ಓಡಾಕ ಹತ್ತೈತಿ, ಡ್ರೈವರನ ಸೀಟಿನ ಮ್ಯಾಲ ಯಾರೂ ಇಲ್ಲ. ಬಾಕಿ ಮಂದಿ ಚುರಮುರಿ ತಿನಕೋತ ಆರಾಮ ಕುಂತಾರ. ಒದರಾಕ ಹತ್ತಿದಾಕಿ ನಾ ಒಬ್ಬಾಕಿನ. ಬಾಜೂಕಿನ ಹೆಣ್ಮಗಳು ನನ್ನ ಕಡೆ ತಿರುಗಿ, "ಸುಮ್ನ ಕುಂದರ್ರೀ, ಇಳಿಯೂ ಜಾಗಾ ಬಂದಾಗ ಹೇಳ್ತೀನಿ" ಅಂದಳು. ಎಚ್ಚರಾದಾಗ ಊಟದ ಡಬ್ಬಿ ಹಿಡದಂಗ ನನ್ನ ಮುಷ್ಟಿ ಬಿಗಿದಿತ್ತು.

ಇವರಿಗೆ, ಅಂದ್ರ ನಮ್ಮ ಯಜಮಾನರಿಗೆ, ಡಬ್ಬಿ ಕಟ್ಟೂದು ನಿಂತು ಮೂರು ತಿಂಗಳಾತು. ಶ್ರಾವಣದಾಗ ಉದ್ಯಮಬಾಗದ ಕಾರಖಾನಿಯೊಳಗ ಕರಗಿದ ಕಬ್ಬಿಣದ ರಸ ಸಿಡದು ಎಡಗಲ್ಲ, ಎಡಗಿವಿ, ಕುತಗಿ ಸುಟ್ಟುಕೊಂಡ್ರು. ಗಾಯ ಮಾಯ್ದಾವು, ಇನ್ನ ಕೆಲಸಕ್ಕ ಹೋಗಬಹುದು ಅಂತ ಡಾಕ್ಟರು ಹೇಳಿ ಒಂದು ತಿಂಗಳ ಮ್ಯಾಲಾತು. ಇವರು ಮಾತ್ರ ಹಿಂದವಾಡಿಯ ಈ ಎರಡು ಖೋಲಿ ಬಿಟ್ಟು ಹಗಲಿನ್ಯಾಗ ಹೊರಗ ಕಾಲಿಟ್ಟಿಲ್ಲ. ಕಿಡಕಿಗೆ ಬೆನ್ನು ಮಾಡಿ ಕುಂದರ್ತಾರ.

ಮಗಳು ಅನುರಾಧಾ ಒಂಬತ್ತನೇತ್ತೆ. "ಅವ್ವಾ, ತಲ್ಯಾಗ ಇದ್ದದ್ದೆಲ್ಲಾ ಬರದಿಡು. ನನ್ನ ಮುಂದ ಹೇಳಬ್ಯಾಡ, ನನಗ ಪರೀಕ್ಷೆ ಐತಿ" ಅಂತ ಹ್ವಾದ ವರ್ಷದ ಅರ್ಧ ಖಾಲಿ ವಹಿ ಕೊಟ್ಟಾಳ. ನಾ ಕಲ್ತದ್ದು ಎಲ್ಲಾ ಕೂಡಿಸಿದ್ರ ನಾಕು ವರ್ಷ ಆದೀತು, ಅದೂ ಮೂರು ಊರಾಗ. ನಮ್ಮಪ್ಪ ಕುರಿ, ಎಮ್ಮಿ ಹೊಡಕೊಂಡು ಹೋದ ಕಡೆ ನನ್ನ ಸಾಲಿ. ಒಂದೂರಾಗ ಮಗ್ಗಿ ಹನ್ನೆರಡರ ತನಕ ಬಂತು, ಮುಂದಿನ ಊರಾಗ ಮತ್ತ ಎರಡರಿಂದ. ತಪ್ಪಿದ್ರ ತಪ್ಪಲಿ. ಓದವರು ಯಾರು?

ಗ್ಯಾಸು ಬಂದ್ ಮಾಡೀನಿ. ಎದ್ದು ಹೋಗಿ ನೋಡಿ ಬಂದ ಇದನ್ನ ಬರದೀನಿ.

೨೨ ನವೆಂಬರ್, ಗುರುವಾರ

ಅನು ಸಾಲಿಯಿಂದ ಒಂದು ನಕಾಶೆ ತಂದಾಳ. ಊರಾಗ ಅಲ್ಲಲ್ಲಿ ಕಬ್ಬಿಣದ ಎಮ್ಮಿ ನಿಂದರಿಸ್ಯಾರ. ಹತ್ತು ಬೆಳಗಾವ್ಯಾಗ, ಎರಡು ಖಾನಾಪುರದಾಗ. ಎಮ್ಮಿ ಖರೇ, ಎತ್ತರ ಮಾತ್ರ ಕರದಷ್ಟ. ಒಂದೊಂದಕ್ಕ ಒಬ್ಬೊಬ್ಬ ಕಲಾವಿದರು ಬಣ್ಣ ಹಚ್ಯಾರ. ನಕಾಶೆ ಹಿಡಕೊಂಡು ಹುಡಿಕ್ಕೋತ ಹೋಗೂದು, ಎಮ್ಮಿ ಬಾಜೂಕಿನ ಅಂಗಡ್ಯಾಗ ಶಿಕ್ಕಾ ಒತ್ತಿಸ್ಕೊಳ್ಳೂದು. ಕಡೀಕ ಎಮ್ಮಿ ಲಿಲಾವು ಮಾಡಿ, ಬಂದ ರೊಕ್ಕದಾಗ ಖಾನಾಪುರದ ಅಡವಿ ಊರುಗಳಿಗೆ ಒಂದು ಆಂಬುಲೆನ್ಸ್ ಕೊಡ್ತಾರಂತ. ಒಂದು ಟ್ರಸ್ಟಿನವರು ಮಾಡ್ಯಾರ. ಚಲೋ ಕೆಲಸ. ಅಡವ್ಯಾಗ ಬಾಣಂತಿಯನ್ನ ಕಂಬಳ್ಯಾಗ ಹೊತ್ತು ತರೂದು ನಾನ ಕಣ್ಣಾರೆ ಕಂಡೀನಿ.

"ಅಪ್ಪಾ, ಇವು ನಿಮ್ಮ ಕಾರಖಾನಿಯೊಳಗ ಆದ ಎಮ್ಮಿ ಅಲ್ಲ?" ಅಂತ ಅನು ಕೇಳಿದಳು.

ಇವರಿಗೆ ಖುಷಿ ಆದೀತು ಅಂದ್ಕೊಂಡೆ. ನಕಾಶೆ ತೊಡಿ ಮ್ಯಾಲ ಇಟ್ಕೊಂಡು ಬಟ್ಟಿಲೆ ಎಣಿಸಿದ್ರು. ಮತ್ತೊಮ್ಮೆ ಎಣಿಸಿದ್ರು.

"ಹನ್ನೆರಡೂ ನಿಂದರಿಸ್ಯಾರೇನು?"

"ಹೂಂ ಅಪ್ಪಾ. ಹುಡುಗ್ರು ಮ್ಯಾಲ ಹತ್ತಿ ಕುಂದರ್ತಾವು, ಮಜಾ ಇರ್ತೈತಿ."

ಎದ್ದು ಒಳಗ ಹೋಗಿ ಗ್ವಾಡಿ ಕಡೆ ಮುಖ ಮಾಡಿ ಮಲಕೊಂಡ್ರು. ಊಟಕ್ಕ ಏಳಲಿಲ್ಲ. ಜ್ವರ ಏನೋ ಅಂತ ಹಣಿ ಮುಟ್ಟಿ ಮುಟ್ಟಿ ನೋಡಿದೆ. ಮೂರನೇ ಸಲಕ್ಕ ನನ್ನ ಕೈ ಸರಿಸಿದ್ರು.

೨೩ ನವೆಂಬರ್, ಶುಕ್ರವಾರ

ಇವತ್ತ ಬಾಯಿ ಬಿಟ್ರು. ನಾ ರೊಟ್ಟಿ ಬಡಿಯಾಕ ಹತ್ತಿದ್ದೆ. ಹಿಂದ ಬಂದು ನಿಂತು, "ಆ ಹನ್ನೆರಡರಾಗ ಒಂದು ಕೆಟ್ಟದ್ದು ಐತಿ" ಅಂದ್ರು.

ನನಗ ತಿಳದಷ್ಟು ಬರೀತೀನಿ. ಎಮ್ಮಿ ಎರಕ ಹೊಯ್ಯೂದು ಕಾಲು ಮ್ಯಾಲ ಮಾಡಿ. ಉಸುಕಿನ ಅಚ್ಚಿನ್ಯಾಗ ರಸ ಸುರುವಿದ್ರ ಮೊದಲ ಬೆನ್ನು ತುಂಬತೈತಿ, ಆಮ್ಯಾಲ ಹೊಟ್ಟಿ, ಕಡೀಕ ಕಾಲು. ಸುರುವೂದು ನಡುವ ನಿಂದರಬಾರದು. ನಿಂತ್ರ ಮೊದಲಿನ ರಸ ಕೆನಿಗಟ್ಟತೈತಿ. ಆಮ್ಯಾಲ ಹಾಕಿದ್ದು ಅದರ ಮ್ಯಾಲ ಸುಮ್ನ ಕುಂದರತೈತಿ, ಕೂಡೂದಿಲ್ಲ. ಹೊರಗಿಂದ ನೋಡಿದ್ರ ಒಂದ ಕಬ್ಬಿಣ, ಒಳಗ ಎರಡು. ಇವರಿಗೆ ಸಿಡದ ದಿನ ರಸ ಹೊಟ್ಟಿ ತುಂಬಿ ಕಾಲಿಗೆ ಏರೂ ಹೊತ್ತಿಗೆ ನಿಂತಿತ್ತಂತ. ಎಲ್ಲಾರೂ ಇವರ ಕಡೆ ಓಡಿದ್ರು. ಆಮ್ಯಾಲ ಯಾರೋ ಬಂದು ಉಳದದ್ದನ್ನ ತುಂಬಿಸಿರಬೇಕು.

"ಕಾಲು ಹೊಟ್ಟಿಗೆ ಕೂಡೂ ಜಾಗಾದಾಗ ಜೋಡ ಇರೂದಿಲ್ಲ. ಎರಡು ಕ್ವಿಂಟಲ್ ಮ್ಯಾಲ ತೂಕ ಐತಿ. ಹುಡುಗ್ರು ಹತ್ತಿ ಜಗ್ಗಾಡಿದ್ರ ಒಂದಿಲ್ಲ ಒಂದಿನ ಕಾಲು ಮುರಿತೈತಿ. ಬೀಳೂದು ಹುಡುಗ್ರ ಮ್ಯಾಲ" ಅಂದ್ರು. ಆಮ್ಯಾಲ, "ಆ ಅಚ್ಚು ಕಟ್ಟಿದಾಂವ ನಾನ. ಉಸುಕಿನ್ಯಾಗ ಹಸಿ ಉಳದಿತ್ತು, ಅದಕ್ಕ ಸಿಡೀತು" ಅಂದ್ರು.

ಹಂಚಿನ ಮ್ಯಾಲಿನ ರೊಟ್ಟಿ ಕರಕಾತು.

೨೪ ನವೆಂಬರ್, ಶನಿವಾರ

ಶನಿವಾರಕ್ಕೊಮ್ಮೆ ಮೇಸ್ತ್ರಿ ಭರಮಪ್ಪಣ್ಣ ಇವರನ್ನ ನೋಡಾಕ ಬರ್ತಾರ. ಕಾರಖಾನಿಯೊಳಗ ಎರಕದ ಕೆಲಸ ಎಲ್ಲಾ ಅವರ ಕೈಯಾಗ. ಚಹಾ ಕೊಟ್ಟು ನಾನೂ ಅಲ್ಲೇ ನಿಂತೆ.

"ಆ ಎಮ್ಮಿ ಒಡದು ಮತ್ತ ಭಟ್ಟಿಗೆ ಹಾಕಿರಬೇಕಪಾ ಬಾಳೇಶ."

"ಹಾಕಿರಬೇಕೋ, ಹಾಕೀರೋ?"

"ಆ ದಿನ ನಿನ್ನ ಆಟೋದಾಗ ಹಾಕ್ಕೊಂಡು ಓಡಿದಾಂವ ನಾ. ನಿನ್ನ ಬಿಟ್ಟು ಎಮ್ಮಿ ನೋಡ್ಕೋತ ನಿಂದರಬೇಕಾಗಿತ್ತೇನು?"

ನಾ ಬಾಯಿ ಹಾಕಿದೆ. "ಅಣ್ಣಾರ, ಒಟ್ಟು ಎಷ್ಟು ಅಚ್ಚು ಕಟ್ಟಿದ್ರಿ?"

"ಹನ್ನೆರಡವ್ವ."

"ಒಂದು ಒಡದಿದ್ರ ಹದಿಮೂರನೇದ್ದು ಕಟ್ಟಿರಬೇಕಲ್ರಿ?"

ಭರಮಪ್ಪಣ್ಣ ಬಸಿಯೊಳಗಿನ ಚಹಾ ನೋಡ್ಕೋತ ಕುಂತ್ರು. "ಬಾಳೇಶ, ನಿನ್ನ ಹೆಂಡ್ತೀನ್ನ ವಕೀಲಿ ಓದಿಸಬೇಕಾಗಿತ್ತು" ಅಂದ್ರು. ಆಮ್ಯಾಲ ಸಣ್ಣ ದನೀಲೆ, "ಹದಿಮೂರನೇದ್ದು ಕಟ್ಟಿದ್ದು ನನಗಂತೂ ನೆನಪಿಲ್ಲ. ಆದ್ರ ಈಗ ಮಾಲಕರ ಕಡೆ ಹೋದ್ರ ಯಾವುದು ಅಂತ ಕೇಳ್ತಾರ. ಬಣ್ಣ ಬಡದ ಮ್ಯಾಲ ಎಲ್ಲಾ ಒಂದ. ಯಾವುದು ಅಂತ ಹೇಳ್ಲಿ?"

"ಬಡದು ಕೇಳಿದ್ರ ತಿಳೀತೈತಿ" ಅಂದ್ರು ಇವರು.

"ಹಂಗಾರ ನಡಿ, ನಾಳೆನ ಹೋಗೂಣು."

ಇವರು ಟಾವೆಲ್ ಎಳದು ಗಲ್ಲ ಮುಚ್ಚಿಕೊಂಡ್ರು. "ಹಗಲಿನ್ಯಾಗ ನಾ ಬರೂದಿಲ್ಲ."

ಭರಮಪ್ಪಣ್ಣ ಎದ್ದು ಹೋದ್ರು. ಅವರ ಸ್ಕೂಟರಿನ ಸಪ್ಪಳ ಓಣಿ ದಾಟಿತು. ಆಮ್ಯಾಲ "ನಾ ಹೋಗಿ ಬಡದು ಕೇಳಿ ಬರ್ತೀನಿ" ಅಂದೆ. ಅಂದದ್ದು ನಾನ, ಖರೇ.

ಅನು ನಕ್ಕಳು. "ಅವ್ವಾ, ನೀ ಗೋವಾವೇಸ ದಾಟಬೇಕಾದ್ರ ನನ್ನ ಕೈ ಹಿಡೀತಿ."

ಇವರು ನಗಲಿಲ್ಲ. "ಸಂತ್ಯಾಗ ಗಡಗಿ ಕೊಳ್ಳಾಗ ಬಟ್ಟಿಲೆ ಬಡದು ನೋಡ್ತಿಯಿಲ್ಲ? ಅದ ವಿದ್ಯಾ" ಅಂದು ಮಾಡದ ಮ್ಯಾಲಿಂದ ಸಣ್ಣ ಸುತ್ತಗಿ ತಗದು ಕೊಟ್ರು. ಹಂಚಿನ ಮ್ಯಾಲ, ಒಳ್ಳಿನ ಮ್ಯಾಲ, ಬಿರುಕು ಬಿಟ್ಟ ಗಡಗಿ ಮ್ಯಾಲ ಸಂಜೀತನಕ ಬಡಿಸಿದ್ರು. "ಬಡದಮ್ಯಾಲ ಮನಸಿನ್ಯಾಗ ಒಂದು, ಎರಡು ಎಣಿಸು. ಎರಡು ಅನ್ನೂತನಕ ನಾದ ಉಳೀಬೇಕು. ನಾಕೂ ಕಾಲು ಒಂದ ದನಿ ಕೊಟ್ರ ಸರಿ ಐತಿ."

ಬಾಜೂ ಮನಿ ನಿಂಗವ್ವ ಗ್ವಾಡಿ ಮ್ಯಾಲಿಂದ ಇಣುಕಿ, "ಮಾಯಕ್ಕಾ, ಕಲಾಯಿ ಅಂಗಡಿ ಹಾಕಿರೇನು?" ಅಂತ ಕೇಳಿದಳು.

೨೬ ನವೆಂಬರ್, ಸೋಮವಾರ

ಹತ್ತಕ್ಕ ಹೊಂಟಾಕಿ, ಕೀಲಿ ಹಾಕೀನೋ ಇಲ್ಲೋ ಅಂತ ಓಣಿ ತುದಿಯಿಂದ ಎರಡು ಸಲ ತಿರುಗಿ ಬಂದೆ. ಒಳಗ ಇವರು ಕುಂತಿರ್ತಾರ, ನಾ ಕೀಲಿ ಯಾಕ ಹಾಕ್ತೀನಿ? ಅದು ನೆನಪಾಗಿ ಗ್ಯಾಸು ನೋಡಾಕ ಮೂರನೇ ಸಲ ಬಂದೆ. ಇವರು ಒಳಗಿಂದ, "ಹೋಗಾಕಿ ಹೋಗ" ಅಂದ್ರು.

ಗೋವಾವೇಸದಾಗ ರಸ್ತಾ ದಾಟಾಕ ಕಾಲು ತಾಸು ನಿಂತೆ. ಬಾಳಿಹಣ್ಣಿನ ಗಾಡಿಯಾಂವ ದಾಟಾಗ ಅವನ ಗಾಡಿ ಮರೀಲೆ ದಾಟಿದೆ. ಅಲ್ಲಿಯ ಎಮ್ಮಿಗೆ ಇಲಕಲ್ಲ ಸೀರಿ ದಡಿ ಬರದಾರ, ಭಾಳ ಛಂದ ಐತಿ. ಶಿಕ್ಕಾ ಇರೂದು ಸೈಕಲ್ ಅಂಗಡಿಯವರ ಕಡೆ. ನಾ ಸುತ್ತಗಿ ತಗೀತಿದ್ದಂಗ, "ಏನ್ರೀ ಅಕ್ಕಾರ, ಬಡದ್ರ ಹಾಲು ಜಾಸ್ತಿ ಕೊಡ್ತೈತೇನ್ರಿ?" ಅಂದ್ರು. ಮಾರಿ ಬಿಸಿ ಆತು. ನಾಕೂ ಕಾಲು ಬಡದೆ. ಠಣ್ ಅಂದುವು. ನಂಬಿಕಿ ಬರಲಿಲ್ಲ, ಮತ್ತ ಬಡದೆ. ಮೂರು ಸಲ.

ಮನಿಗೆ ಬಂದ ಕೂಡ್ಲೆ, "ಹೆಂಗಿತ್ತು ದನಿ?" ಅಂತ ಕೇಳಿದ್ರು. ಬಾಯಿಲೆ ಠಣ್ ಅಂದು ತೋರಿಸಿದೆ.

"ಬಾಯಿಲೆ ಮಾಡೂದು ಬಿಡು. ಯಾತರಂಗಿತ್ತು ಹೇಳು."

"ಗುಡ್ಯಾಗ ಗಂಟಿ ಹೊಡದು, ಆಮ್ಯಾಲ ಸಾವಕಾಶ ಕೈಲೆ ಹಿಡದಂಗ."

ಇವರು ನನ್ನ ಮಾರಿ ನೋಡಿದ್ರು. "ಸಾಕು. ಅದು ಸರಿ ಐತಿ."

೨೮ ನವೆಂಬರ್, ಬುಧವಾರ

ಟಿಳಕವಾಡಿ, ಶಹಾಪುರ. ಎರಡೂ ಠಣ್. ಕಾಲು ನೋಯ್ತಾವು.

೩೦ ನವೆಂಬರ್, ಶುಕ್ರವಾರ

ಇವತ್ತ ಒಂದ ದಿನಕ್ಕ ನಾಕು ಎಮ್ಮಿ ಮುಗಿಸಿದೆ. ಚನ್ನಮ್ಮ ಸರ್ಕಲ್‌ದಾಗ ಟ್ರಾಫಿಕ್ ಪೊಲೀಸ ಹತ್ತಿರ ಬಂದು, "ಏನವ್ವಾ, ಕಲ್ಲಂಗಡಿ ನೋಡಿದಂಗ ನೋಡಾಕ ಹತ್ತಿ? ಹಣ್ಣಾಗೈತೇನು?" ಅಂತ ಕೇಳಿದ. "ಇನ್ನ ಕಾಯಿ ಐತ್ರಿ ಸಾಹೇಬ್ರ" ಅಂದೆ. ನಕ್ಕೋತ ಶಿಟ್ಟಿ ಊದಿ ಗಾಡಿ ನಿಂದರಿಸಿ ನನ್ನ ದಾಟಿಸಿದ.

ಕ್ಯಾಂಪಿನ ಎಮ್ಮಿ ಮಾತ್ರ ಎದಿ ಒಡಸ್ತು. ಅದಕ್ಕ ಮೈತುಂಬ ಬಳಿಚೂರು ಹಚ್ಯಾರ. ಬಡದ್ರ ಠಪ್. ಎಲ್ಲಾ ಕಾಲೂ ಠಪ್. ಬಸ್ಸಿಗೆ ಕಾಯಲಾರದ ಆಟೋ ಮಾಡ್ಕೊಂಡು ಮನಿಗೆ ಬಂದು, "ಸಿಕ್ತು" ಅಂದೆ.

"ನಾಕೂ ಒಂದ ದನಿ ಏನು?"

"ನಾಕೂ."

"ಹಂಗಾರ ಅದು ಬಳಿ ಹಚ್ಚಾಕ ಮೆತ್ತಿದ ಸಿಮಿಟು." ಒಂದು ಇದ್ಲಿ ತಗೊಂಡು ನೆಲದ ಮ್ಯಾಲ ಎಮ್ಮಿ ಬರದ್ರು, ಕಾಲು ಮ್ಯಾಲ ಮಾಡಿ. "ರಸ ಸುರುವೂ ಬಾಯಿ ತಲಿ ಕಡೆ ಇತ್ತು. ಮುಂದಿನ ಕಾಲಿಗೆ ಬಿಸಿ ರಸ ಹೋಗಿ ಕೂಡಿರತೈತಿ. ದೂರ ಉಳದದ್ದು ಹಿಂದಿನ ಎರಡು. ಅದರಾಗ ಒಂದು ಕಾಲು ಕೆಟ್ಟಿರತೈತಿ, ಉಳದದ್ದು ಸರಿ ಇರತೈತಿ. ಒಂದ ಬ್ಯಾರೆ ದನಿ, ಅದನ್ನ ಹುಡುಕು."

ಊಟದ ತನಕ ಅದ ಮಾತು. ಎಮ್ಮಿ ಕಿವಿ ಎರಕ ಹೊಯ್ಯೂದು ಎಷ್ಟು ತ್ರಾಸ, ಕೋಡು ಹೆಂಗ ಉಳಸ್ಕೊಂಡ್ವಿ, ಎಲ್ಲಾ ಹೇಳಿದ್ರು. ನೆಲ ನಾಳೆ ಒರಸ್ತೀನಿ.

೩ ಡಿಸೆಂಬರ್, ಸೋಮವಾರ

ಬೆಳಗಾವಿಯ ಹತ್ತೂ ಮುಗದುವು. ಕಡೀದ್ದು ರಾಮತೀರ್ಥ ನಗರದಾಗ. ಎರಡು ಬಸ್ಸು ಬದಲಿ ಮಾಡಿ ಹೋದೆ. ವಾಪಸ್ ಬರಾಗ ಕಿಡಕಿ ಬಾಜೂ ಸೀಟು ಸಿಕ್ತು, ಕಣ್ಣು ಹತ್ತಿತ್ತು. ಕಂಡಕ್ಟರ್ ಎಬ್ಬಿಸಿದ.

ಮುಂಜಾನೆ ಗ್ಯಾಸು ನೋಡಿ ಹೋದದ್ದು ನೆನಪಿಲ್ಲ. ಬಂದು ನೋಡಿದ್ರ ಬಂದ್ ಇತ್ತು.

೫ ಡಿಸೆಂಬರ್, ಬುಧವಾರ

ಖಾನಾಪುರ. ಇವತ್ತಿಂದು ಉದ್ದ ಆಗತೈತಿ.

ಬಸ್ ಸ್ಟ್ಯಾಂಡಿನ ಎಮ್ಮಿ ಸರಿ ಐತಿ. ಇನ್ನೊಂದು ಒಂದು ಸಾಲಿ ಮುಂದಿನ ಬಯಲಿನ್ಯಾಗ. ಮೈತುಂಬ ನೀಲಿ ಬಣ್ಣ, ಹೊಟ್ಟಿ ಮ್ಯಾಲ ಹೊಳಿ, ಮೀನ. ನಾ ಹೋದಾಗ ಮಧ್ಯಾಹ್ನದ ಊಟದ ಸೂಟಿ ಆಗಿತ್ತು. ಬೆನ್ನ ಮ್ಯಾಲ ನಾಕು ಮಕ್ಕಳು, ಕುತಗಿಗೆ ಒಂದು ಜೋತುಬಿದ್ದಿತ್ತು. ಗಂಟಿ ಆಗಿ ಒಳಗ ಹೋಗೂತನಕ ಕಾದೆ. ಮುಂದಿನ ಕಾಲು ಠಣ್, ಠಣ್. ಹಿಂದಿನ ಒಂದು ಠಣ್. ಇನ್ನೊಂದು ಠಪ್.

ಹಸಿ ಕಟಿಗಿ ಬಡದಂಗ ಇತ್ತು. ಒಂದು ಅನ್ನೂದ್ರೊಳಗ ದನಿ ಸತ್ತುಹೋತು.

ಗೇಟಿನ ಕಡೆ ಬೋರಹಣ್ಣು ಮಾರೂ ಮುದುಕಿ, "ಕಾಯ ಗ ಬಾಯೀ, ಮ್ಹಶೀಲಾ ಕಾ ಮಾರ್ತೇಸ?" ಅಂದಳು. ಎಮ್ಮೀನ್ನ ಯಾಕ ಹೊಡೀತಿ ಅಂತ. ನನಗ ಬಂದ ಮರಾಠಿಯೊಳಗ ಕಾಲು ಕೆಟ್ಟೈತಿ, ಮಕ್ಕಳು ಹತ್ತದಂಗ ನೋಡ್ಕೋ ಅಜ್ಜಿ ಅಂದೆ. ಅಕಿ ಕನ್ನಡದಾಗ, "ನನ್ನ ಮಾತು ನನ್ನ ಮೊಮ್ಮಕ್ಕಳ ಕೇಳೂದಿಲ್ಲ, ಸಾಲಿ ಮಕ್ಕಳು ಕೇಳ್ತಾವೇನು?" ಅಂದಳು. ಆದ್ರೂ ತನ್ನ ಬುಟ್ಟಿ ಎತ್ತಿಕೊಂಡು ಬಂದು ಎಮ್ಮಿ ಹಿಂದ ಕುಂತಳು. ಪುಣ್ಯಾತ್ಗಿತ್ತಿ.

ಯಾವ ಕಾಲು ಅನ್ನೂದನ್ನ ಅಲ್ಲೇ ನಕಾಶೆ ಹಿಂದ ಬರಕೊಂಡೆ. ಎಡ, ಬಲ ನನಗ ಮೊದಲಿಂದನೂ ಗೊಂದಲ. ಮುಂದ ನಿಂತ್ರ ಒಂದು, ಹಿಂದ ನಿಂತ್ರ ಇನ್ನೊಂದು. ಅದಕ್ಕ, "ಹಿಂಡೂ ಬಾಜೂದ ಹಿಂದಿನ ಕಾಲು" ಅಂತ ಬರದೆ. ಎಮ್ಮಿ ಕಟ್ಟಿದ ಮನಿಯವರಿಗೆ ಇದು ತಪ್ಪೂದಿಲ್ಲ.

೬ ಡಿಸೆಂಬರ್, ಗುರುವಾರ

ಟ್ರಸ್ಟಿನ ಪೂರ್ಣಿಮಾ ಮೇಡಂ ಅವರ ಮನಿಗೆ ನಾನ ಹೋದೆ. ಕುಂದರ್ರಿ ಅಂದ್ರು, ಎಲ್ಲಾ ಕೇಳಿದ್ರು. "ಇವತ್ತ 'ಹತ್ತಬಾರದು' ಅಂತ ಬೋರ್ಡ್ ಹಾಕಸ್ತೀನ್ರಿ. ಆದ್ರ ಎಮ್ಮಿ ತಗೀಬೇಕಂದ್ರ ಕೆಲಸ ತಿಳದವರು ಬಂದು ನೋಡಿ ಹೇಳಬೇಕ್ರಿ. ನಿಮ್ಮ ಮಾತು ಸುಳ್ಳು ಅಂತಲ್ಲ. ನಾಳೆ ಕಲಾವಿದರು ಕೇಳಿದ್ರ, ದಾನಿಗಳು ಕೇಳಿದ್ರ, ಮನಿಯಾಕಿ ಸುತ್ತಗೀಲೆ ಬಡದು ಹೇಳಿದ್ರು ಅಂತ ನಾ ಹೆಂಗ ಹೇಳ್ಲಿ?"

ಅದೂ ಖರೇನ.

ಮನಿಗೆ ಬಂದು ಹೇಳಿದೆ. ಇವರು ನಕಾಶೆ ಹಿಂದ ನಾ ಬರದದ್ದನ್ನ ಓದಿದ್ರು. ಬೇಡಿಕೊಳ್ಳಬೇಕಾದೀತು ಅಂದ್ಕೊಂಡಿದ್ದೆ. "ಶನಿವಾರ ಭರಮಪ್ಪಣ್ಣ ಬಂದಾಗ ಸ್ಕೂಟರ್ ಮ್ಯಾಲ ಹೋಗಿ ಬರ್ತೀವಿ" ಅಂದ್ರು. ಅಷ್ಟ. ಸ್ಕೂಟರಿಗೆ ಮೂರನೇದವರಿಗೆ ಜಾಗಾ ಇಲ್ಲ. ಇದ್ರೂ ನಾ ಹೋಗಿ ಏನ್ ಮಾಡ್ಲಿ, ಬರದು ಕೊಟ್ಟೀನಲ್ಲ.

೮ ಡಿಸೆಂಬರ್, ಶನಿವಾರ

ಮುಖಕ್ಕ ಟಾವೆಲ್ ಸುತ್ತಿಕೊಂಡು ಹೋದ್ರು. ಹೋದಾಗಿಂದ ಬರೂತನಕ ಬಾಗಲಾಗ ನಿಂತೆ.

ಮೂರಕ್ಕ ಬಂದ್ರು. "ಠಣ್ ಅಂತೈತಿ" ಅಂದ್ರು.

"ಹಿಂಡೂ ಬಾಜೂದು?"

"ಹಿಂಡೂ ಬಾಜೂದ. ಗಟ್ಟಿ ಐತಿ. ಒಡದು ಭಟ್ಟಿಗೆ ಹಾಕಿದ್ದ ಖರೇ ಆಗಿರಬೇಕು. ನಿನ್ನ ಕಿವಿಗೆ ಭ್ರಮಾ."

ಭರಮಪ್ಪಣ್ಣ ಹೊರಗ ನಿಂತ, "ಎಮ್ಮಿಗಿಂತ ಜಾಸ್ತಿ ನೀವ ಅಂಜಿಸಿಬಿಟ್ರಿ ವಕೀಲರ" ಅಂದು ನಕ್ಕೋತ ಹೋದ್ರು. ಮೇಡಂಗೂ ಸುದ್ದಿ ಮುಟ್ಟೈತಿ, ಬೋರ್ಡ್ ತಗಸ್ತಾರಂತ. ಬುಧವಾರ ಪೇಪರಿನವರು ಬಂದು ಮಕ್ಕಳನ್ನ ಎಮ್ಮಿ ಮ್ಯಾಲ ಕುಂದರಿಸಿ ಫೋಟೋ ತಗೀತಾರಂತ.

ಇವರು ಮೂರು ರೊಟ್ಟಿ ಉಂಡ್ರು. ಅನು ಜೋಡಿ ಚೇಷ್ಟಾ ಮಾಡಿದ್ರು. ಸಂಜೀಕ ಬಾಗಲಾ ತಗದು ಹೊಸ್ತಿಲ ಮ್ಯಾಲ ಕುಂತ್ರು. ಶ್ರಾವಣದ ಮ್ಯಾಲ ಇಂಥಾ ಸಂಜಿ ಇದ ಮೊದಲು. ಎಲ್ಲಾ ಚಲೋ ಆತು.

ಆ ಠಪ್ ಮಾತ್ರ ಕಿವಿ ಬಿಟ್ಟು ಹೋಗವಲ್ದು.

೧೧ ಡಿಸೆಂಬರ್, ಮಂಗಳವಾರ

ನಿಂಗವ್ವ ಗೋಕಾಕ ಕಡೆಯಿಂದ ಹೊಸಾ ಎಮ್ಮಿ ತಂದಾಳ. ಮುಂಜಾನೆ ಅಕಿ ಹಿಂಡಾಕ ಕುಂತ್ರ ಎಮ್ಮಿ ಒದ್ದು ಗಿಂಡಿ ಉರುಳಿಸ್ತು. "ಹಾಳಾದದ್ದು! ಅಲ್ಲಿ ಮಂದಿ ಆ ಬಾಜೂ ಕುಂತು ಹಿಂಡ್ಯಾರ. ಈ ಬಾಜೂ ಕುಂತ್ರ ಇದಕ್ಕ ನಾ ಕಳ್ಳಿ ಕಂಡಂಗ ಆಗತೈತಿ" ಅಂತ ಬೈಕೋತ ಗಿಂಡಿ ಎತ್ತಿಕೊಂಡಳು.

ನನ್ನ ಕೈಯಾಗಿನ ಕೊಡ ಅಲ್ಲೇ ಇಟ್ಟೆ. ಒಳಗ ಹೋಗಿ ಇವರನ್ನ ಕೇಳಿದೆ. "ನಿಮ್ಮವ್ವ ಎಮ್ಮಿ ಯಾ ಬಾಜೂ ಕುಂತು ಹಿಂಡ್ತಿದ್ರು?"

"ಇದೇನ್ ಕೇಳ್ತಿ? ಬಲಕ್ಕ."

ನಮ್ಮವ್ವ ಎಡಕ್ಕ. ನಾ ಬರದ ಕಾಲು ಒಂದು, ಇವರು ಬಡದದ್ದು ಇನ್ನೊಂದು. ಮದುವಿಯಾಗಿ ಹದಿನೇಳು ವರ್ಷಾತು, ಇಬ್ಬರೂ ಈ ಊರಾಗ ಹಾಲಿನ ಪಾಕೀಟು ಕತ್ತರಿಸ್ಕೋತ ಇದ್ದೀವಿ. ನಮಗ ಹೆಂಗ ತಿಳೀಬೇಕು?

ಅವರಿಗೆ ಹೇಳೂ ಮೊದಲ ಓಣಿ ತುದಿಯ ಎಸ್‌ಟಿಡಿಗೆ ಓಡಿದೆ. ಮೇಡಂಗೆ ಫೋನ್ ಮಾಡಿ, "ಹಗ್ಗ ಕಟ್ಟಿಸಿಬಿಡ್ರಿ, ಫೋಟೋಕ್ಕ ಯಾರನ್ನೂ ಹತ್ತಸಬ್ಯಾಡ್ರಿ, ನಾಳೆ ಹನ್ನೊಂದಕ್ಕ ಅಲ್ಲಿ ಇರ್ತೀವಿ" ಅಂದೆ. ಯಾಕ್ರಿ ಅಂದ್ರು. "ಕಾಲು ತಪ್ಪು ಬಡದಾರ" ಅಂದೆ. ಟೆಂಪೋನೂ ತಂದಿರ್ರಿ ಅಂತ ನಾನ ಹೇಳಿದೆ.

ವಾಪಸ್ ಬಂದು ಇವರ ಮುಂದ ಕುಂತು ಎಲ್ಲಾ ಹೇಳಿದೆ. ಮೂರು ದಿನದಿಂದ ಇವರ ಮಾರಿ ಮ್ಯಾಲ ಇದ್ದ ಬೆಳಕು ನನ್ನ ಕಣ್ಣ ಮುಂದ ಇಳೀತು. ಹೇಳಬಾರದಿತ್ತೇನು ಅನಿಸ್ತು. ಆದ್ರ ಕುತಗಿಗೆ ಜೋತುಬಿದ್ದ ಆ ಕೂಸು ಕಣ್ಣ ಮುಂದ ಬಂತು.

"ತಪ್ಪು ನಂದು. ಬರದಾಕಿ ನಾ" ಅಂದೆ. "ಆದ್ರ ನೀವು ನಾಕೂ ಕಾಲು ಬಡೀಲಿಲ್ಲೇನು? ನನಗ ಕಲಿಸಿದವರು ನೀವ."

ಇವರು ನೆಲಾ ನೋಡ್ಕೋತ ಹೇಳಿದ್ರು. "ಹುಡುಗ್ರು ಕೂಡಿದ್ರು. ಗಾಳಿಗೆ ಟಾವೆಲ್ ಸರೀತು. ಒಂದು ಸಣ್ಣ ಹುಡುಗಿ ನನ್ನ ನೋಡಿ ಚೀರಿ ಅಳಾಕ ಹತ್ತಿದಳು. ಒಂದ ಕಾಲು ಬಡದೆ, ಠಣ್ ಅಂತು. ಬಂದಬಿಟ್ಟೆ."

ಆಮ್ಯಾಲ, "ಮುಂಜಾನೆ ಎಂಟೂವರಿ ಬಸ್ಸಿಗೆ ಹೋಗೂಣು. ಇಬ್ಬರೂ" ಅಂದೆ. ಬರ್ತೀನಿ ಅನ್ನಲಿಲ್ಲ, ಬರೂದಿಲ್ಲಾನೂ ಅನ್ನಲಿಲ್ಲ.

೧೨ ಡಿಸೆಂಬರ್, ಬುಧವಾರ

ಖಾನಾಪುರದ ಎಮ್ಮಿ ಇವತ್ತ ಟೆಂಪೋದಾಗ ಹೋತು. ಯಾವ ಕೂಸಿಗೂ ಏನೂ ಆಗಲಿಲ್ಲ. ಅದನ್ನ ಮೊದಲ ಬರದಬಿಟ್ಟೀನಿ, ಇಲ್ಲಾಂದ್ರ ಅಲ್ಲೀತನಕ ಬರಿಯೂದ್ರಾಗ ಎದಿ ಹೊಡಕೊಂಡು ಅಕ್ಷರ ಕೆಡ್ತಾವು.

ಎಂಟಕ್ಕ ಇವರು ಅಂಗಿ ಹಾಕ್ಕೊಂಡು ತಯಾರಾಗಿ ನಿಂತಿದ್ರು. ಬಸ್ಸಿನ್ಯಾಗ ಎಡಗಲ್ಲ ಕಿಡಕಿ ಕಡೆ ಮಾಡಿ ಕುಂತ್ರು. ದೇಸೂರು ದಾಟಿದ ಮ್ಯಾಲ, "ಈ ಸಲ ಜ್ವಾಳ ಇಲ್ಲ, ಬರೇ ಕಬ್ಬು" ಅಂದ್ರು. ನಾ ಹೂಂ ಅಂದೆ.

ಎಮ್ಮಿ ಸುತ್ತಲೂ ಹಗ್ಗ ಕಟ್ಟಿದ್ರು. ಮೇಡಂ, ಭರಮಪ್ಪಣ್ಣ, ಸಾಲಿ ಮಾಸ್ತರು, ಪೇಪರಿನವರು. ಹಗ್ಗದ ಆಚಿಗೆ ನಲವತ್ತು ಐವತ್ತು ಮಕ್ಕಳು. ಬೋರಹಣ್ಣಿನ ಅಜ್ಜಿ ಎಲ್ಲಾರಿಗೂ, "ಹಿಂದ ಸರಕಾ, ಹಿಂದ ಸರಕಾ" ಅಂತ ಪೊಲೀಸನಂಗ ಕೈ ಮಾಡಾಕ ಹತ್ತಿದ್ದಳು.

ಇವರು ಹಗ್ಗದ ಕಡೆ ಬಂದು ನಿಂತಬಿಟ್ರು. ಮುಂದ ಕಾಲು ಏಳವಲ್ದು. ಕಿವಿ ಕಬ್ಬಿಣಕ್ಕ ಹಚ್ಚಿ ಕೇಳಬೇಕಂದ್ರ ಟಾವೆಲ್ ಬಿಚ್ಚಬೇಕು. ಸಾವಕಾಶ ಬಿಚ್ಚಿ ಹೆಗಲ ಮ್ಯಾಲ ಹಾಕ್ಕೊಂಡ್ರು. ಮಕ್ಕಳ ನಡುವ ಗುಸುಗುಸು ಶುರು ಆತು. ಒಂದು ಉದ್ದ ಜಡಿ ಹುಡುಗಿ ಎಲ್ಲಾರಿಗಿಂತ ಮುಂದ ಬಂದು, "ಕಾಕಾ, ನಿಮ್ಮ ಮಾರಿಗೆ ಏನಾಗೈತ್ರಿ?" ಅಂತ ಕೇಳಿದಳು. ಮಾಸ್ತರು ಏ ಅಂದ್ರು.

ಇವರು ಅಕಿ ಕಡೆ ನೋಡಿದ್ರು. "ಕಬ್ಬಿಣದ ರಸ ಸಿಡೀತವ್ವ. ಎಮ್ಮಿ ಮಾಡಾಗ."

"ಯಾ ಎಮ್ಮಿ?"

"ಇದ ಇರಬೇಕು ಅಂತ ನೋಡಾಕ ಬಂದೀನಿ."

ಮಕ್ಕಳು ಎಮ್ಮಿ ನೋಡಿದ್ರು, ಇವರನ್ನ ನೋಡಿದ್ರು, ಮತ್ತ ಎಮ್ಮಿ ನೋಡಿದ್ರು. ಯಾರೂ ಅಳಲಿಲ್ಲ. ಆ ಹುಡುಗಿ ಹಗ್ಗ ಎತ್ತಿ ಹಿಡದಳು, ಇವರು ಬಗ್ಗಿ ಒಳಗ ಹೋದ್ರು.

ಬಲಗಿವಿ ಎಮ್ಮಿ ಹೊಟ್ಟಿಗೆ ಹಚ್ಚಿ ಕುಂತು ಬಡದ್ರು. ಮುಂದಿನ ಎರಡು ಠಣ್ ಅಂದುವು. ಹಿಂದಿನ ಬಲಕ್ಕ ಬಡದ್ರು, ಶನಿವಾರ ಬಡದದ್ದ, ಅದೂ ಠಣ್. ಆಮ್ಯಾಲ ಎಡಕ್ಕ ಸರದ್ರು.

ಠಪ್.

ಅಷ್ಟು ಮಂದಿಗೂ ಕೇಳಿಸ್ತು. ಭರಮಪ್ಪಣ್ಣ ಟೊಪಗಿ ತಗದು ಕೈಯಾಗ ಹಿಡಕೊಂಡು, "ಇದ ಐತಿ" ಅಂದ್ರು. ಮೇಡಂ ವಹಿ ತಗದು ಬರಿಯಾಕ ಹತ್ತಿದ್ರು. "ಬಾಳೇಶ ಅವರ, ಹಿಂದಿನ ಎಡಗಾಲು ಅಂತ ಬರೀಲೇನ್ರಿ? ನಿಮ್ಮ ಸಹಿ ಬೇಕು."

"ಒಂದು ನಿಮಿಷ ತಡೀರಿ" ಅಂದ್ರು ಇವರು. ಮೊಣಕಾಲೂರಿ ಕುಂತಲ್ಲೇ ನನ್ನ ಕಡೆ ತಿರುಗಿದ್ರು, ಸುಟ್ಟ ಗಲ್ಲ ಎಲ್ಲಾ ಮಕ್ಕಳ ಕಡೆ ಇತ್ತು. "ನನ್ನ ಒಂದು ಕಿವಿ ಮಂದ ಆಗೈತ್ರಿ ಮೇಡಂ. ಇದನ್ನ ಮೊದಲ ಕೇಳಿದಾಕಿ ಇಕಿ, ಸಹಿ ಇಕೀದೂ ಇರಲಿ." ಆಮ್ಯಾಲ ಸುತ್ತಗಿ ನನ್ನ ಕಡೆ ಚಾಚಿ, "ತಗೋ ಮಾಯಕ್ಕ. ಬರಕೊಳ್ಳೂ ಮೊದಲ ಈ ಕಾಲು ಇನ್ನೊಮ್ಮೆ ಬಡದು ನೋಡು" ಅಂದ್ರು.